ಮಗ್ಗದ ಗುಂಡಿಯಲ್ಲಿ ಬೆಕ್ಕಿಗೆ ಜಾಗ

ಸತ್ತೇಗಾಲದಿಂದ ಬಸ್ಸಿನಲ್ಲಿ, ಚೀಲದೊಳಗೆ ಬೆಕ್ಕು ಬಂದ ವರ್ಷ ಯಾವುದೆಂದು ಹೇಳಲಾರೆ. ನಮ್ಮ ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಾನು ಮೈಸೂರಿನಲ್ಲಿ ಬಿ.ಎ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಅಷ್ಟು ಖಚಿತ. ಬೆಕ್ಕು ಬೂದು ಬಣ್ಣದ್ದೆಂದು ನನ್ನ ನೆನಪು. ಅಕ್ಕ ಹಳದಿ ಎನ್ನುತ್ತಾಳೆ. ಅವಳು ಆಗ ಹೊನ್ನೂರಿನಲ್ಲಿ ಗಂಡನ ಮನೆಯಲ್ಲಿದ್ದಳು, ಆದ್ದರಿಂದ ಬಣ್ಣದ ವಿಷಯದಲ್ಲಿ ನಾನೇ ಸರಿ ಎಂದುಕೊಂಡಿದ್ದೇನೆ.

ಬೆಕ್ಕು ಬೇಕಾದದ್ದು ಇಲಿಗಳ ಕಾಟಕ್ಕೆ. ಸೀರೆಗೆ ಉದ್ದಕ್ಕೆ ಎಳೆದು ಕಟ್ಟುವ ರೇಷ್ಮೆ ಎಳೆಗಳಿಗೆ ಹಾಸು ಎನ್ನುತ್ತೇವೆ; ಅದಕ್ಕೆ ಅಕ್ಕಿ ಗಂಜಿ ಹಚ್ಚಿ ಒಣಗಿಸಿ ಮಗ್ಗಕ್ಕೆ ಏರಿಸುತ್ತಿದ್ದೆವು. ಆ ಗಂಜಿಯ ರುಚಿಗೆ ಇಲಿಗಳು ಎಳೆಗಳನ್ನು ಕಡಿಯುತ್ತಿದ್ದವು. ಒಂದು ಮದುವೆ ಸೀರೆ ಹಾಳಾದಾಗಿನಿಂದ ಅವ್ವ ಕೋಲು ಹಿಡಿದು ಮಗ್ಗದ ಪಕ್ಕದಲ್ಲೇ ಮಲಗುತ್ತಿದ್ದಳು. ಎಷ್ಟೋ ವಾರದಿಂದ ಅವಳಿಗೆ ಸರಿಯಾದ ನಿದ್ದೆಯಿಲ್ಲ. ಅಪ್ಪನಿಗೋ ಇಲಿಯ ಹಲ್ಲಿಗಿಂತ ಬೆಕ್ಕಿನ ಉಗುರಿನ ಭಯ ಹೆಚ್ಚು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು.

"ಒಂದ್ಸಲ ಕೆಡಿಸುದ್ರೆ ಸುಮ್ಕಿರ್ತೀನಿ. ಇನ್ನೊಂದ್ಸಲ ಹಾಸಿನ್ ಮ್ಯಾಲೆ ಕಾಲಿಟ್ರೆ ಅದೇ ಚೀಲ, ಅದೇ ಬಸ್ಸು."

ಬೆಕ್ಕಿಗೆ ಜಾಗ ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ನೂಲು ನುಂಗಿದರೆ ಬೆಕ್ಕಿನ ಕರುಳಿಗೆ ಸುತ್ತಿಕೊಳ್ಳುತ್ತದೆಂದು ನೆಲದ ಮೇಲಿನ ತುಂಡು ಎಳೆಗಳನ್ನೆಲ್ಲ ಆರಿಸಿದೆ, ರೇಷ್ಮೆಯ ಉರುಳೆಗಳನ್ನು ಮಡಕೆಯಲ್ಲಿಟ್ಟು ಮುಚ್ಚಿದೆ, ಬಚ್ಚಲಿನ ತೂತಿಗೆ ಕಲ್ಲು ಬಿಗಿದೆ. ಮಗ್ಗದಿಂದ ದೂರವಿದ್ದ ಉಗ್ರಾಣದಲ್ಲಿ ಮರಳಿನ ಬುಟ್ಟಿ, ನೀರಿನ ಬಟ್ಟಲು, ಹಳೆಯ ಪಂಚೆಯ ಹಾಸಿಗೆ. ಸದ್ದಿಲ್ಲದ ಜಾಗವೇ ಸುರಕ್ಷಿತ ಜಾಗವೆಂಬುದು ನನ್ನ ವಾದ.

ಅವ್ವ ಅಡ್ಡಿ ಹೇಳಿದಳು. ನಮ್ಮದು ಕುಣಿಮಗ್ಗ, ನೇಯುವವರು ನೆಲದ ಮೇಲೆ ಕೂತು, ಮುಂದಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯಬೇಕು. ಹೊಸ ಬೆಕ್ಕನ್ನು ಮೂರು ದಿನ ಆ ಗುಂಡಿಯಲ್ಲೇ, ಕವುಚಿದ ಬಿದಿರಿನ ಮಂಕರಿಯ ಕೆಳಗೆ ಇಡಬೇಕು ಎಂದಳು. ಅವಳ ಅತ್ತೆ ಹಾಗೇ ಮಾಡುತ್ತಿದ್ದರಂತೆ. ಯಾಕೆ ಎಂದು ಕೇಳಿದೆ. ಅವಳಿಗೆ ಕಾರಣ ಗೊತ್ತಿರಲಿಲ್ಲ. ಕಾರಣವಿಲ್ಲದ್ದನ್ನು ಒಪ್ಪುವುದಿಲ್ಲ ಎಂದು ನಾನು ಬೀಗಿದೆ.

ನನ್ನ ಮಾತೇ ನಡೆಯಿತು; ಬಂದ ಬೆಕ್ಕು ಎರಡು ದಿನ ಉಗ್ರಾಣದಲ್ಲಿ ನೆಮ್ಮದಿಯಾಗಿತ್ತು. ಹಬ್ಬದ ಬಿಡುವಿಗೋ ಏನೋ, ಆಗ ಮಗ್ಗ ನಿಂತಿತ್ತು. ಮೂರನೆಯ ಬೆಳಿಗ್ಗೆ ನಾನೇ ಬಾಗಿಲು ತೆರೆದೆ. ಅದು ಮೂಸುತ್ತ ಪಡಸಾಲೆಗೆ ಬಂದು ಮಗ್ಗದ ಕಂಬದ ಹತ್ತಿರ ಕೂತಿತು. ಅಪ್ಪ ಮಗ್ಗಕ್ಕೆ ಕೂತು ಅಡ್ಡ ನೂಲಿನ ಲಾಳಿ ಹೊಡೆದರು. ಆ ಸದ್ದಿಗೆ ಬೆಕ್ಕು ಎಗರಿ ನೇರವಾಗಿ ಹಾಸಿನ ಮೇಲೆ ಬಿದ್ದು, ಒದ್ದಾಡಿ, ಎಳೆಗಳನ್ನು ಹರಿದು ಅಟ್ಟಕ್ಕೆ ಓಡಿತು.

ಅಪ್ಪ ಬೈಯಲಿಲ್ಲ. ಹರಿದ ಎಳೆಗಳ ಮುಂದೆ ನನ್ನನ್ನು ಕೂರಿಸಿದರು. "ಕೂಡುಸ್ಲಾ, ಓದ್ದವ್ನೇ." ಸಂಜೆಯವರೆಗೆ ಒಂದೊಂದೇ ತುದಿ ಹುಡುಕಿ ಜಾರದಂತೆ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದೆ. ಆ ಹೊತ್ತಿಗೆ ಅವ್ವನ ಅತ್ತೆಯ ಕಾರಣ ನನಗೇ ಹೊಳೆದಿತ್ತು: ಮಗ್ಗದ ಸದ್ದು ಹುಟ್ಟುವ ಜಾಗದಲ್ಲೇ ಅನ್ನ, ಹಾಲು ಸಿಕ್ಕರೆ ಬೆಕ್ಕು ಅದಕ್ಕೆ ಬೆದರುವುದಿಲ್ಲ. ಅವ್ವನಿಗೆ ಹಾಗೆಂದು ಹೇಳಿದೆ.

"ಇದ್ಕೆ ಮೈಸೂರ್ಗೆ ಓಗ್ಬೇಕಿತ್ತಾ ಮಗ?" ಎಂದಳು.

ಬೆಕ್ಕನ್ನು ಅಟ್ಟದಿಂದ ಇಳಿಸಿ, ಗುಂಡಿಯ ಹಿಂದಿನ ಮೂಲೆಯಲ್ಲಿ ಮಂಕರಿ ಕವುಚಿದೆವು. ಬಾಲ ತುಳಿಹಲಗೆಗೆ ಸಿಕ್ಕದಂತೆ ನಡುವೆ ನಾನು ಒಂದು ಅಡ್ಡಹಲಗೆ ಜಡಿದೆ. ಅದು ಅವಳ ಅತ್ತೆಯ ಕ್ರಮದಲ್ಲಿ ಇರಲಿಲ್ಲ. ಮೊದಲ ದಿನ ಬೆಕ್ಕು ಅರಚಿತು. ಎರಡನೆಯ ದಿನ ಮಗ್ಗ ನಡೆಯುತ್ತಿದ್ದಾಗಲೇ ಹಾಲು ಕುಡಿಯಿತು.

ಮಂಕರಿ ಎತ್ತುವ ದಿನ ಅವ್ವ ಚೀಲವನ್ನು ತಾನೇ ತಂದು ಕಂಬಕ್ಕೆ ಒರಗಿಸಿಟ್ಟಳು. ಅಪ್ಪ ಕೂತು ಲಾಳಿ ಹೊಡೆದರು, ಮತ್ತೆ ಹೊಡೆದರು. ಬೆಕ್ಕು ಹಾಸಿನ ಅಡಿಯಲ್ಲಿ ಕೂತು ಮೇಲೆ ಏಳುತ್ತ ಇಳಿಯುತ್ತಿದ್ದ ಎಳೆಗಳನ್ನು ನೋಡಿತು. ಅದು ಕಾಲು ಚಾಚಿ, ಅಪ್ಪನ ಪಾದ ಮೂಸಿ, ಅಲ್ಲೇ ಸುತ್ತಿಕೊಂಡು ಮಲಗಿತು.

ಅಪ್ಪ ಒಂದು ಗೇಣು ನೇಯ್ದರು. ಆಮೇಲೆ ತಲೆ ಎತ್ತದೆ ಅವ್ವನಿಗೆ ಹೇಳಿದರು: "ಹಾಲಿನ್ ಬಟ್ಲು ಇಲ್ಲಿ ಮಡಗ್ಬ್ಯಾಡ, ಕಾಲ್ಗ್ ಸಿಗ್ತದೆ. ಅಡ್ಗೆಮನೇಲಿ ಅದ್ಕೊಂದು ಮೂಲೆ ಮಾಡ್ಬುಡು."

ಅವ್ವ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಇಲಿ ಕಾಯುವ ಕೋಲನ್ನು ಮೂಲೆಗಿಟ್ಟು, ಹಾಡುಹಗಲಲ್ಲಿ ಚಾಪೆ ಬಿಡಿಸಿ, ಮಧ್ಯಾಹ್ನದ ಅಡಿಗೆಯನ್ನೂ ಮಾಡದೆ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಾವು ಎಬ್ಬಿಸಲಿಲ್ಲ.