ನನ್ನ ರಟ್ಟೆ, ಲಾರಿಯ ಸ್ಟೀರಿಂಗು

ಲಾರಿ ಓಡಿಸುವವನಿಗೆ ತಲೆ ಬೇಕಾಗಿಲ್ಲ, ರಟ್ಟೆ ಬೇಕು ಎಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಬರೀ ಹೇಳಲಿಲ್ಲ, ಹಾಗೇ ನಡೆದುಕೊಂಡೆ. ಆ ವರ್ಷಗಳಲ್ಲಿ ನನ್ನ ತಲೆಗೆ ಬಾಚಣಿಕೆ ಬಿಟ್ಟರೆ ಬೇರೆ ಕೆಲಸ ಬೀಳಲಿಲ್ಲ.

ಬೀದರ ಕಡೆಯಿಂದ ಬಂದು ಹೈದರಾಬಾದಿನ ನಾಚಾರಂನಲ್ಲಿ ಮನೆ ಮಾಡಿದವರು ನಾವು, ನಾನು ಮತ್ತು ನನ್ನ ಹೆಂಡತಿ. ನಮ್ಮದೊಂದು ಹಳೇ ಲಾರಿ. ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಕಬ್ಬಿಣದ ಸಾಮಾನನ್ನು ಊರಿನ ಆ ತುದಿ ಈ ತುದಿಯ ವರ್ಕ್‌ಶಾಪುಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ಗಿರಾಕಿಗಳ ಜೊತೆ ಮಾತು ಅವಳದು, ಓಡಿಸುವುದು ನನ್ನದು. ಅವಳ ತೆಲುಗು ಕೇಳಿ ಜನ ಯಾವ ಜಿಲ್ಲೆಯವರಮ್ಮಾ ಎಂದು ಕೇಳುತ್ತಿದ್ದರು. ನನ್ನ ತೆಲುಗು ಕೇಳಿದವರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು.

ಆ ಲಾರಿಯ ಸ್ಟೀರಿಂಗು ಬೀಸುವ ಕಲ್ಲಿನ ಹಾಗಿತ್ತು. ಭಾರ ತುಂಬಿದಾಗ ತಿರುಗಿಸಬೇಕೆಂದರೆ ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಮೈಯನ್ನೆಲ್ಲ ಚಕ್ರದ ಮೇಲೆ ಹಾಕಬೇಕು. ನನಗೆ ಅದೇ ಒಂದು ಸಂಭ್ರಮ. ಪಡ್ಡೆ ವಯಸ್ಸಿನಲ್ಲಿ ಸ್ವಲ್ಪ ದಿನ ಕುಸ್ತಿಯ ತಾಲೀಮಿಗೆ ಹೋಗಿದ್ದವನು ನಾನು. ಅಂಗಿಯ ತೋಳನ್ನು ಬಿಗಿಯಾಗಿ ಹೊಲಿಸುತ್ತಿದ್ದೆ, ಕಂಡವರು ಕಾಣಲಿ ಎಂದು. ಆಗಷ್ಟೇ ರಸ್ತೆಗೆ ಪವರ್ ಸ್ಟೀರಿಂಗಿನ ಹೊಸ ಲಾರಿಗಳು ಬರತೊಡಗಿದ್ದವು. ಅವುಗಳ ಡ್ರೈವರುಗಳು ಒಂದು ಕೈಯಲ್ಲಿ ಬೀಡಿ ಹಿಡಿದು ಇನ್ನೊಂದು ಕೈಯಲ್ಲಿ ಲಾರಿ ಹೊರಳಿಸುವುದನ್ನು ನೋಡಿ ನಾನು ಚಹಾದ ಅಂಗಡಿಯಲ್ಲಿ ಕೂತು, "ಅದು ಲಾರಿ ಅಲ್ಲೋ, ಹೊಲಿಗಿ ಮೆಷಿನ್ನು" ಅನ್ನುತ್ತಿದ್ದೆ.

ನನ್ನ ರಟ್ಟೆ ಕೈಕೊಟ್ಟದ್ದು ದಿಲ್‌ಸುಖ್‌ನಗರದಲ್ಲಿ, ಬಸ್ಸುಗಳೆಲ್ಲ ಒಟ್ಟಿಗೆ ಹೊರಡುವ ಹೊತ್ತಿನಲ್ಲಿ. ಲಾರಿ ಹೊರಳಿಸಲು ಎಂದಿನಂತೆ ಅರ್ಧ ಎದ್ದು ಚಕ್ರ ಎಳೆದೆ. ಬಲಭುಜದಲ್ಲಿ ಹಸಿ ಟೊಂಗೆ ಮುರಿದ ಹಾಗೆ ಏನೋ ಅಂದಿತು. ಕೈ ತೊಡೆಯ ಮೇಲೆ ಬಿತ್ತು, ಮತ್ತೆ ಏಳಲಿಲ್ಲ. ಲಾರಿ ರಸ್ತೆಗೆ ಅಡ್ಡಲಾಗಿ ನಿಂತಿತು. ಹಾರ್ನಿನ ಗದ್ದಲದ ನಡುವೆ ಟ್ರಾಫಿಕ್ ಪೊಲೀಸ ಮೆಟ್ಟಿಲು ಹತ್ತಿ ಲೈಸೆನ್ಸ್ ಕೇಳಿದ. ಲೈಸೆನ್ಸು ಅಂಗಿಯ ಎಡಜೇಬಿನಲ್ಲಿತ್ತು. ಬಲಗೈ ಏಳುತ್ತಿಲ್ಲ, ಎಡಗೈ ಎಡಜೇಬಿನೊಳಗೆ ಹೋಗುತ್ತಿಲ್ಲ. ನಾನು ಮೈ ಕೆರೆದುಕೊಳ್ಳುವ ಕೋತಿಯ ಹಾಗೆ ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿ ಅವನೇ ಕೈ ಹಾಕಿ ತೆಗೆದುಕೊಂಡ. ಕೊನೆಗೆ ಒಬ್ಬ ಬಸ್ ಡ್ರೈವರ್ ನನ್ನನ್ನು ಪಕ್ಕಕ್ಕೆ ಸರಿಸಿ ಕೂತು, ಚಕ್ರ ಹಿಡಿದು, "ಇದೇಂ ಸ್ಟೀರಿಂಗ್ ರಾ ಬಾಬೂ!" ಎಂದು ಏದುಸಿರು ಬಿಡುತ್ತ ಲಾರಿಯನ್ನು ಬದಿಗೆ ಹಚ್ಚಿದ. ಅಷ್ಟು ನೋವಿನಲ್ಲೂ ಅವನ ಏದುಸಿರು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಡಾಕ್ಟರು ಕೈಯನ್ನು ಜೋಳಿಗೆಯಲ್ಲಿ ತೂಗಿಹಾಕಿದರು. ಹೆಂಡತಿ ನನ್ನ ತಲೆ ಬಾಚಿದಳು, ಬೈತಲೆ ತಪ್ಪು ಮಗ್ಗುಲಿಗೆ ತೆಗೆದು. ಗುಂಡಿ ಹಾಕುತ್ತ ಹೇಳಿದಳು: "ರಟ್ಟಿ ಐತಿ, ರಟ್ಟಿ ಐತಿ ಅಂತಿದ್ರಿ. ಇನ್ನ ಈ ಗಾಡಿಗೆ ಪವರ್ ಸ್ಟೀರಿಂಗ್ ಹಾಕಸ್ರಿ. ಇಲ್ಲಾ ಅಂದ್ರ ಗಾಡಿ ಮಾರ್ರಿ. ನಾ ದಿನಾ ನಿಮ್ಮ ಗುಂಡಿ ಹಾಕಾಕಿ ಅಲ್ಲ."

ಹಾಕಿಸುವುದು ಎಂದರೆ ಮೆಕ್ಯಾನಿಕ್ಕಿಗೆ ಕೊಡುವುದು ಎಂದು ಅವಳ ಅರ್ಥ. ನಾವೇ ಹಾಕುವುದು ಎಂದು ನಾನು ಅರ್ಥ ಮಾಡಿಕೊಂಡೆ. ನಾವು ಎಂದರೆ ನಾನು ಮತ್ತು ನಮ್ಮ ಮನೆಯ ಹಿಂದುಗಡೆ ಇದ್ದ ಗೆಳೆಯ. ವಿಜಾಪುರದವನು, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಗುಜರಿಗೆ ಬಂದ ಮಿಲಿಟರಿ ಲಾರಿಯೊಂದರ ಸ್ಟೀರಿಂಗ್ ಸೆಟ್ಟು ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಹಳೇ ಸ್ಟೀರಿಂಗಿನ ಮಗ್ಗುಲಿಗೇ ಕೂಡ್ರಿಸಬಹುದಂತೆ. ಎಂಜಿನ್ನಿನ ಬೆಲ್ಟಿನಿಂದ ಒಂದು ಪಂಪು ತಿರುಗುತ್ತದೆ, ಎಣ್ಣೆ ತಳ್ಳುತ್ತದೆ. ಡ್ರೈವರ್ ಯಾವ ಕಡೆ ತಿರುಗಿಸುತ್ತಾನೆ ಎಂದು ಒಂದು ವಾಲ್ವು ತಿಳಿದುಕೊಂಡು, ಎರಡು ಪೈಪುಗಳಲ್ಲಿ ಒಂದರ ಮೂಲಕ ಸಿಲಿಂಡರಿಗೆ ಎಣ್ಣೆ ಕಳಿಸುತ್ತದೆ. ಸಿಲಿಂಡರು ಗಾಲಿಯನ್ನು ಅದೇ ಕಡೆಗೆ ನೂಕುತ್ತದೆ. ಇಷ್ಟೇ. ಇಷ್ಟೇ ಎಂದು ಗೆಳೆಯ ಎಷ್ಟು ಹಗುರಾಗಿ ಹೇಳಿದನೆಂದರೆ ನಾನೂ ಮರುದಿನ ಚಹಾದ ಅಂಗಡಿಯಲ್ಲಿ ಹಾಗೇ ಹೇಳಿದೆ.

ಅಂಗಳದಲ್ಲಿ ಒಂದು ಹಳೇ ಚಾದರ ಹಾಸಿ, ಅದರ ಮೇಲೆ ಎಲ್ಲವನ್ನೂ ಬಿಚ್ಚಿ ಹರವಿ, ಸೀಮೆಎಣ್ಣೆಯಲ್ಲಿ ತೊಳೆದೆವು. ಅದು ಹಳೇ ಚಾದರವಲ್ಲ ಎಂದು ಸಂಜೆ ಗೊತ್ತಾಯಿತು. ಸವೆದ ರಬ್ಬರಿನ ಉಂಗುರಗಳನ್ನು ಕಿತ್ತು ಹೊಸವು ಹಾಕಿದೆವು. ಗೆಳೆಯನ ಕೈ, ನನ್ನ ಬಾಯಿ. ಸಿಲಿಂಡರ್ ಮತ್ತೆ ಜೋಡಿಸಿ ಮುಗಿದ ಮೇಲೆ ಒಂದು ಉಂಗುರ ಚಾದರದ ಮೇಲೆ ಉಳಿಯಿತು.

"ಮಿಲಿಟರಿ ಮಂದಿ ಯಾವಾಗಲೂ ಒಂದು ಹೆಚ್ಚೇ ಇಟ್ಟಿರ್ತಾರ," ಅಂದ ಗೆಳೆಯ.

"ಮತ್ತೇನ ಮತ್ತ," ಅಂದೆ ನಾನು.

ಎಣ್ಣೆ ಹಾಕಿದರೆ ಸಿಲಿಂಡರು ಜರಡಿಯಂತೆ ಸೋರಿತು. ಮತ್ತೆ ಬಿಚ್ಚಿದೆವು. ಉಂಗುರಕ್ಕೆ ಜಾಗ ಇತ್ತು.

ಅಂತೂ ಒಂದು ಭಾನುವಾರ ಬೆಳಿಗ್ಗೆ ಎಲ್ಲ ಕೂಡಿಸಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದೆವು. ಓಣಿಯ ಜನ ನೆರೆದಿದ್ದರು, ನಾನೇ ಕರೆದಿದ್ದೆ. ಭುಜ ಅರ್ಧ ವಾಸಿಯಾಗಿತ್ತು, ಜೋಳಿಗೆ ತೆಗೆದಿಟ್ಟು ಮೇಲೆ ಹತ್ತಿ ಎಂಜಿನ್ ಶುರು ಮಾಡಿದೆ. ಚಕ್ರದ ಮೇಲೆ ಸುಮ್ಮನೆ ಕೈ ಇಟ್ಟೆ, ಬಲಕ್ಕೆ ತುಸು ಒತ್ತಿದೆ. ಚಕ್ರ ಎಡಕ್ಕೆ ಹೋಯಿತು. ಬಿಡಲಿಲ್ಲ, ಬಲಕ್ಕೆ ಜೋರಾಗಿ ಎಳೆದೆ. ಅದು ಎಡಕ್ಕೆ ಇನ್ನೂ ಜೋರಾಗಿ ಎಳೆಯಿತು. ಇಷ್ಟು ಜನರೆದುರು ಒಂದು ಯಂತ್ರಕ್ಕೆ ಸೋಲುವುದೇ? ಎದ್ದು ನಿಂತೆ, ಎದೆ ಹಚ್ಚಿದೆ, ಮೊಣಕಾಲು ಹಚ್ಚಿದೆ. ನಿಂತ ಲಾರಿಯೊಳಗೆ ಒಬ್ಬನೇ ಕುಸ್ತಿ ಹಿಡಿದಿದ್ದೆ. ಚಕ್ರದ ಕಡ್ಡಿಗಳ ನಡುವೆ ನನ್ನ ತೋಳು ಸಿಕ್ಕಿ, ಚಕ್ರದ ಜೊತೆ ನಾನೂ ಬಾಗಿಲ ಕಡೆ ಬಾಗತೊಡಗಿದೆ.

"ಬಂದ್ ಮಾಡ್ರಿ! ಎಂಜಿನ್ ಬಂದ್ ಮಾಡ್ರಿ!" ಹೆಂಡತಿ ಕೆಳಗಿನಿಂದ ಕೂಗುತ್ತಿದ್ದಳು. ಕೇಳಿಸುತ್ತಿತ್ತು. ಆದರೆ ಬಂದ್ ಮಾಡಿದರೆ ಸೋತಂತಾಗುತ್ತದಲ್ಲ. ಅವಳೇ ಆ ಕಡೆಯ ಬಾಗಿಲಿಂದ ಹತ್ತಿ ಬಂದು ಎಂಜಿನ್ ನಿಲ್ಲಿಸುವ ಗುಬ್ಬಿ ಎಳೆದಳು. ಚಕ್ರ ಸುಮ್ಮನಾಯಿತು. ಎದುರು ಮನೆಯ ಅಜ್ಜಿ, "ಏದೋ ಪಟ್ಟಿಂದಿ," ಅಂದರು. ಏನೋ ಮೆಟ್ಟಿಕೊಂಡಿದೆ ಎಂದು. ಲಾರಿಗೋ ನನಗೋ, ಹೇಳಲಿಲ್ಲ.

ಪೈಪಿನಲ್ಲಿ ಗಾಳಿ ಸೇರಿದೆ ಎಂದು ಗೆಳೆಯನ ವಾದ. ಎಣ್ಣೆಯೇ ಕಲಬೆರಕೆ ಎಂದು ನನ್ನ ವಾದ. ಅವನು ಗಾಳಿ ತೆಗೆದ, ನಾನು ಎಣ್ಣೆ ಬದಲಿಸಿದೆ. ಪ್ರತಿ ಸಲವೂ ನಾನೇ ಮೇಲೆ ಹತ್ತಿದೆ, ಪ್ರತಿ ಸಲವೂ ಚಕ್ರವೇ ಗೆದ್ದಿತು. ಜೋಳಿಗೆ ಮತ್ತೆ ಕೊರಳಿಗೆ ಬಂತು. ಕೊನೆಗೆ ಸಿಟ್ಟಿನಿಂದ ಆ ಎರಡೂ ಪೈಪು ಕಿತ್ತು ಎಸೆದು, ಸೆಟ್ಟನ್ನು ಗುಜರಿಯವನಿಗೇ ವಾಪಸು ಕೊಡುವುದೆಂದು ತೀರ್ಮಾನಿಸಿದೆವು.

ಗುಜರಿಯವನು ಸ್ಕೂಟರಿನಲ್ಲಿ ಬಂದ. ದೋಷ ಏನೆಂದು ಕಣ್ಣಾರೆ ನೋಡದೆ ವಾಪಸು ತಗೊಳ್ಳುವುದಿಲ್ಲ ಅಂದ. ಸರಿ, ನೋಡಲಿ, ಇವನೇ ಹತ್ತಲಿ, ಇವನ ತೋಳೇ ಸಿಗಲಿ ಎಂದು ಪೈಪುಗಳನ್ನು ಕೈಗೆ ಬಂದ ಹಾಗೆ ತಿರುಗಿ ಸಿಕ್ಕಿಸಿ, ಎಣ್ಣೆ ಸುರಿದು ಅವನನ್ನು ಹತ್ತಿಸಿದೆವು. ನಾನು ಬೇಕೆಂದೇ ದೂರ ನಿಂತೆ. ಎಂಜಿನ್ ಶುರುವಾಯಿತು. ಅವನು ಒಂದು ಬೆರಳಿನಿಂದ ಚಕ್ರವನ್ನು ಬಲಕ್ಕೆ ತಿರುಗಿಸಿದ. ಗಾಲಿಗಳು ಬಲಕ್ಕೆ ಹೋದವು. ಎಡಕ್ಕೆ ತಿರುಗಿಸಿದ, ಎಡಕ್ಕೆ ಹೋದವು.

"ಕ್ಯಾ ಖರಾಬ್ ಹೈ ಮಿಯಾಂ ಇಸ್ಮೆ?" ಅಂದ.

ನಾನು ಗೆಳೆಯನ ಮುಖ ನೋಡಿದೆ, ಅವನು ಆಕಾಶ ನೋಡಿದ. ಗುಜರಿಯವನು ಸ್ಕೂಟರ್ ಹತ್ತಿ ಹೋದ ಮೇಲೆ ತಿಳಿಯಿತು: ಮೊದಲು ಆ ಎರಡು ಪೈಪುಗಳನ್ನು ಅದಲುಬದಲು ಮಾಡಿ ಹಾಕಿದ್ದೆವು. ಬಲಕ್ಕೆ ಒತ್ತಿದರೆ ಎಣ್ಣೆ ಎಡಕ್ಕೆ ನೂಕುತ್ತಿತ್ತು. ನಾನು ಹೆಚ್ಚು ಎಳೆದಷ್ಟೂ ಅದೂ ಹೆಚ್ಚು ಎಳೆಯುತ್ತಿತ್ತು. ಅಷ್ಟು ದಿನ ನಾನು ಗುದ್ದಾಡಿದ್ದು ನನ್ನದೇ ಜೋರಿನ ಜೊತೆಗೆ. ಈ ಸಲ ಬೇಕೆಂದೇ ಬದಲಿಸಿ ಹಾಕಿದೆ ಎಂದು ಗೆಳೆಯ ಇವತ್ತಿಗೂ ಹೇಳುತ್ತಾನೆ. ಹಾಕಿದ್ದು ಅವನಲ್ಲ, ನಾನು, ಅದೂ ಎಡಗೈಯಲ್ಲಿ, ನೋಡದೆ.

ಭುಜ ಪೂರ್ತಿ ವಾಸಿಯಾದ ಮೇಲೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಸ್ಟೇಟಿನ ಹಿಂದಿನ ಬಯಲಿಗೆ ಲಾರಿ ಒಯ್ದೆ. ತಿರುವು ಬಂತು. ಅಭ್ಯಾಸಬಲ, ಅರ್ಧ ಎದ್ದು, ಹಲ್ಲು ಕಚ್ಚಿ, ಎಳೆದೆ. ಲಾರಿ ಗಿರಕಿ ಹೊಡೆದು ಜಾಲಿಯ ಪೊದೆಗೆ ನುಗ್ಗಿತು. ಹಿಂದೆ ತೆಗೆದು, ಈ ಸಲ ಮೆತ್ತಗೆ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ತಿರುಗಿಸಿದೆ. ಆ ಕಡೆಯ ಪೊದೆಗೆ ನುಗ್ಗಿತು. ಮಲಗಿದ್ದ ಎಮ್ಮೆಗಳು ಎದ್ದು ಬೇರೆ ಕಡೆ ಹೋದವು.

"ಸರೀರಿ ಆ ಕಡೆ," ಅಂದಳು ಹೆಂಡತಿ.

"ಯಾಕ?"

"ಅಪ್ಪನ ಹೊಲದಾಗ ಟ್ರ್ಯಾಕ್ಟರ್ ಹೊಡದಾಕಿ ನಾ. ಮದವಿಗೆ ಮೊದಲ ನಿಮ್ಮ ಮುಂದ ಹೇಳಿದ್ದೆ. ನೀವು ನಕ್ಕಿದ್ರಿ."

ನಕ್ಕದ್ದು ನೆನಪಿತ್ತು. ಸರಿದೆ. ಅವಳು ಸೆರಗು ಸಿಕ್ಕಿಸಿ, ಸೀಟಿನ ಬೆನ್ನಿಗೆ ದಿಂಬು ಕೊಟ್ಟುಕೊಂಡು, ರೊಟ್ಟಿ ತಿರುವಿಹಾಕುವಷ್ಟೇ ಹಗುರಾಗಿ ಲಾರಿಯನ್ನು ಬಯಲಿನ ಸುತ್ತ ಒಯ್ದು ತಂದಳು. ನಾನು ಸುಮ್ಮನಿರಲಾರದೆ "ಗೇರು, ಗೇರು" ಅಂದೆ. ಗೇರು ಅವಳು ಆಗಲೇ ಬದಲಿಸಿದ್ದಳು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳ ಮುಖದ ಮೇಲೆ, ಮದುವೆಯಾದಾಗಿನಿಂದ ನಾನು ನೋಡಿರದ ಒಂದು ಕಳೆ ಇತ್ತು. ಅದನ್ನು ನೋಡುತ್ತ ಬಾಯಿ ಮುಚ್ಚಿದೆ.

ಮುಂದೆ ಅವಳು ಲೈಸೆನ್ಸೂ ಮಾಡಿಸಿದಳು. ಒಮ್ಮೆ ಬೇಗಂಪೇಟೆಯ ಒಂದು ಆಫೀಸು ಕಟ್ಟಡಕ್ಕೆ ಜನರೇಟರ್ ಕೂರಿಸುವ ಕಬ್ಬಿಣದ ತಳ ಒಯ್ದೆವು. ವಾಚ್‌ಮನ್ ನೇರ ನನ್ನ ಮಗ್ಗುಲಿಗೆ ಬಂದು, "ಡ್ರೈವರ್ ಸಾಬ್, ರಿವರ್ಸ್ ಮೇ ಲೇಲೋ," ಅಂದ. ನಾನು ಹೆಬ್ಬೆರಳಿನಿಂದ ಸ್ಟೀರಿಂಗಿನ ಕಡೆ ತೋರಿಸಿದೆ. ಅವನು ನಕ್ಕ, ಆಮೇಲೆ ನೋಡಿದ, ಆಮೇಲೆ ಗೇಟನ್ನು ಬೇಕಾದ್ದಕ್ಕಿಂತ ಅಗಲವಾಗಿ ತೆರೆದ.

ನಾನು ಇಳಿದು ಹಿಂದೆ ಹೋಗಿ, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕ!" ಎಂದು ಕೈ ಬೀಸತೊಡಗಿದೆ. ಲಾರಿ ಬರಲಿಲ್ಲ. ಕಿಟಕಿಯಿಂದ ಅವಳ ತಲೆ ಹೊರಗೆ ಬಂತು.

"ರೀ, ಕನ್ನಡ್ಯಾಗ ಕಾಣೂ ಹಂಗ ನಿಂದರ್ರಿ. ಇಲ್ಲಾ ಅಂದ್ರ ದೂರ ಸರೀರಿ."

ದೂರ ಸರಿದೆ. ಅವಳು ಗೇಟಿನ ಕಂಬಕ್ಕೆ ಅಂಗೈ ಅಗಲ ಬಿಟ್ಟು ಲಾರಿಯನ್ನು ಒಳಗೆ ತಂದು ನಿಲ್ಲಿಸಿ, ಇಳಿದು, ಕಟ್ಟಡದವರನ್ನು ಹುಡುಕುತ್ತ ತೆಲುಗಿನಲ್ಲಿ ಮಾತಾಡುತ್ತ ಹೋದಳು. ವಾಚ್‌ಮನ್ ನನಗೊಂದು ಬೀಡಿ ಕೊಟ್ಟ. ನಾವಿಬ್ಬರೂ ಲಾರಿಯ ನೆರಳಿನಲ್ಲಿ ಕೂತು ಸೇದಿದೆವು.