ಒಬ್ಬನೇ ಹೋಗುವವನ ದಾರ

ಇಪ್ಪತ್ತೇಳು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ಅದು. ಕಣ್ಣು ಮುಚ್ಚಿ ಬೆರಳ ತುದಿಯಲ್ಲಿ ಉಜ್ಜಿದರೆ ಸಾಕು, ಹತ್ತಿಯೋ ಪಾಲಿಯೆಸ್ಟರೋ, ಎಷ್ಟು ಎಳೆಯೋ, ಟೈಲರ್ ಹೇಳಿಬಿಡುತ್ತಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಅಳತೆ ಸರಿಹೋಗಲಿಲ್ಲ" ಎಂದು ನಗಿಸಿ ಮಾತು ತೇಲಿಸುತ್ತಿದ್ದ.

ತನ್ನವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಉಳಿದದ್ದು ಭಾವ. ಭಾವನದೊಂದು ಮೋಟಾರು ದೋಣಿ ಇತ್ತು. ಊರಂಚಿನ ಸರೋವರ, ಆಚೆ ದಡ ಕಾಣದಷ್ಟು ದೊಡ್ಡದು. ಪ್ರತಿ ಭಾನುವಾರ ಬೆಳಗ್ಗೆ ಇಬ್ಬರೂ ಮೀನಿಗೆ ಹೊರಡುತ್ತಿದ್ದರು. ಭಾವ ದೋಣಿ ನಡೆಸಿದರೆ ಟೈಲರ್ ಗಾಳದ ಕೋಲು ಹಿಡಿಯುತ್ತಿದ್ದ. ಹೀಗೆ ಒಂಬತ್ತು ವರ್ಷ. ಅಕ್ಕನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಆದರೆ ಅವಳಿರದಿದ್ದರೆ ತಾವಿಬ್ಬರೂ ಒಂದೇ ದೋಣಿಯಲ್ಲಿ ಕೂರುವವರೇ ಅಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ದೊಡ್ಡ ಮೀನು ಆಳದಲ್ಲಿರುತ್ತದೆ. ಅಲ್ಲಿಗೆ ಗಾಳ ಇಳಿಸಲು ದಾರಕ್ಕೆ ಅಂಗೈಯಗಲದ ಮುಳುಗುಬಿಲ್ಲೆ ಕಟ್ಟುತ್ತಾರೆ. ದೋಣಿ ಮುಂದೆ ಸಾಗಿದಂತೆ ನೀರಿನ ಒತ್ತಡಕ್ಕೆ ಬಿಲ್ಲೆ ಓರೆಯಾಗಿ ಕೆಳಗಿಳಿದು, ಅದರ ಹಿಂದೆ ಗಾಳಕ್ಕೆ ಸಿಕ್ಕಿಸಿದ, ಮೀನನ್ನು ಮರುಳುಮಾಡುವ ತಗಡಿನ ಮೀನನ್ನೂ ಎಳೆದುಕೊಂಡು ಹೋಗುತ್ತದೆ. ವಾಪಸು ಮೇಲೆ ತರಲು ದಾರವನ್ನು ಒಮ್ಮೆ ಜೋರಾಗಿ ಜಗ್ಗಬೇಕು. ಆಗ ಬಿಲ್ಲೆಯ ಕೊಂಡಿ ಕಳಚಿ ಅದು ಮಟ್ಟಸವಾಗುತ್ತದೆ. ಕಳಚದಿದ್ದರೆ ನೀರಿನಡಿಯಿಂದ ಮನೆಯ ಬಾಗಿಲನ್ನೇ ಎಳೆದಷ್ಟು ಭಾರ. ಇವರದು ನೈಲಾನ್ ದಾರ. ನೈಲಾನ್ ಹಿಗ್ಗುತ್ತದೆ, ಎಷ್ಟು ಜಗ್ಗಿದರೂ ಆ ಜಗ್ಗು ಅರ್ಧದಾರಿಯಲ್ಲೇ ಕರಗಿಹೋಗುತ್ತಿತ್ತು. ಆಗ ಟೈಲರ್ "ಭಾವಾ" ಅನ್ನುತ್ತಿದ್ದ. ಭಾವ ತಿರುಗಿಯೂ ನೋಡದೆ ವೇಗ ಇಳಿಸುತ್ತಿದ್ದ. ಭಾರ ತಗ್ಗಿ ದಾರ ಸುತ್ತಿಕೊಳ್ಳಲು ಬರುತ್ತಿತ್ತು. ಎಷ್ಟೋ ಭಾನುವಾರ ಅವರ ನಡುವೆ ಆಡಿದ ಮಾತು ಅದೊಂದೇ.

ಹೋದ ವರ್ಷ ಭಾವ ಮತ್ತೆ ಮದುವೆಯಾದ. ಹೊಸ ಹೆಂಡತಿಯ ಊರಿಗೆ ರೈಲಿನಲ್ಲಿ ಆರು ಗಂಟೆ. ಅಲ್ಲೇ ನೆಲೆಸಲು ಹೊರಡುವ ಮುನ್ನ ಬಂದು ದೋಣಿಯ ಕೀಲಿಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟ.

"ನೀನೇ ಇಟ್ಕೋ. ಅಲ್ಲಿ ದೋಣಿ ಬಿಡೋಕೆ ನೀರೆಲ್ಲಿದೆ?"

"ಒಳ್ಳೇದಾಗ್ಲಿ ಭಾವ" ಎಂದ ಟೈಲರ್. ಇನ್ನೂ ಏನೋ ಹೇಳಬೇಕೆನಿಸಿತು. ತಲೆ ತಗ್ಗಿಸಿ ಕೈಲಿದ್ದ ಪ್ಯಾಂಟಿನ ಅಂಚು ಹೊಲಿಯುತ್ತಾ ಕೂತ. ತಲೆಯೆತ್ತಿದಾಗ ಭಾವ ಹೋಗಿಯಾಗಿತ್ತು.

ಎರಡು ತಿಂಗಳು ದೋಣಿಯ ಹತ್ತಿರ ಸುಳಿಯಲಿಲ್ಲ. ಮೂರನೆಯ ತಿಂಗಳು ದಡದಲ್ಲಿದ್ದ ಗಾಳದ ಅಂಗಡಿಗೆ ಹೋದ. ರೀಲಿನಲ್ಲಿದ್ದ ಹಳೇ ದಾರ ಸವೆದಿತ್ತು. ಅಂಗಡಿಯ ಯಜಮಾನಿ ಬಾಯಿ ಜೋರಿನ ಹೆಂಗಸು.

"ಬಿಲ್ಲೆ ಹಾಕ್ತೀರಾ? ದೋಣೀಲಿ ಎಷ್ಟು ಜನ?" ಎಂದು ಕೇಳಿದಳು.

"ಇಬ್ಬರು."

ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಹಾಗಿದ್ರೆ ನೈಲಾನೇ ಸಾಕು" ಎಂದು ಯಂತ್ರಕ್ಕೆ ರೀಲು ಸಿಕ್ಕಿಸಿ ಗರಗರನೆ ಸುತ್ತಿಕೊಟ್ಟಳು. ಟೈಲರ್ ತಿದ್ದದೆ ದುಡ್ಡು ಕೊಟ್ಟು ಹೊರಟ.

ಆ ಭಾನುವಾರ ದಡ ಗೆರೆಯಷ್ಟಾಗುವವರೆಗೂ ದೋಣಿ ನಡೆಸಿದ. ಬಿಲ್ಲೆ ಚೆನ್ನಾಗಿಯೇ ಇಳಿಯಿತು. ಮೇಲೆತ್ತುವಾಗ ಜಗ್ಗಿದ, ಕೊಂಡಿ ಕಳಚಲಿಲ್ಲ. ಇನ್ನೊಮ್ಮೆ ಜಗ್ಗಿ "ಭಾವಾ" ಎಂದ. ತನ್ನದೇ ದನಿ ಕೇಳಿ ಬೆಚ್ಚಿಬಿದ್ದ. ವೇಗ ಇಳಿಸಲು ತಾನೇ ಓಡಿದ. ಅಷ್ಟರಲ್ಲಿ ಗಾಳಿಗೆ ದೋಣಿ ಅಡ್ಡ ತಿರುಗಿ, ಸಡಿಲಬಿದ್ದ ದಾರ ಮೋಟಾರಿನ ರೆಕ್ಕೆಗೆ ಸುತ್ತಿಕೊಂಡು ಎಂಜಿನ್ ನಿಂತಿತು. ದೋಣಿಯಂಚಿನಲ್ಲಿ ಬೋರಲು ಮಲಗಿ, ತಣ್ಣನೆಯ ನೀರಿಗೆ ಕೈಯಿಳಿಸಿ, ಎಳೆ ಎಳೆಯಾಗಿ ಕತ್ತರಿಸಿ ತೆಗೆಯುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಕಣ್ಣಿಗೆ ಬಿದ್ದದ್ದು ಒಂದು ಬಿಳಿ ಹಕ್ಕಿ. ಅದೂ ನಿಲ್ಲಲಿಲ್ಲ. ತಾನಿಲ್ಲಿ ಮುಳುಗಿಹೋದರೆ ಮೊದಲು ಹುಡುಕುವವರು ಯಾರು ಎಂದು ಲೆಕ್ಕ ಹಾಕಿದ. ಬುಧವಾರ ಕೋಟು ಒಯ್ಯಲು ಬರಬೇಕಿದ್ದ ಬ್ಯಾಂಕಿನವರು. ಅದೂ ಬುಧವಾರ ಸಂಜೆಗೆ.

ಮರುದಿನ ಮತ್ತೆ ಅಂಗಡಿಗೆ ಹೋದ.

"ಒಬ್ಬನೇ ಹೋಗೋದು. ಒಂದೆರಡು ದಿನಕ್ಕಲ್ಲ, ಇನ್ಮೇಲೆ ಯಾವಾಗಲೂ" ಎಂದ.

ಯಜಮಾನಿ ಒಂದು ಗಳಿಗೆ ಅವನ ಮುಖ ನೋಡಿದಳು. ಜೋರು ದನಿ ತಗ್ಗಿತು. "ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದು, ಮೂರು ದಾರ ಹರವಿದಳು. "ಈ ತಂತಿ ಎಲ್ಲಕ್ಕಿಂತ ಆಳಕ್ಕೆ ಹೋಗತ್ತೆ. ಆದ್ರೆ ಒಂದು ಸಲ ಮಡಚಿಕೊಂಡ್ರೆ ಮುಗೀತು. ನೈಲಾನ್ ನೀವೇ ನೋಡಿದ್ರಿ. ಇದು ಹೆಣೆದ ದಾರ. ಕೂದಲೆಳೆಯಷ್ಟು ಸಣ್ಣ, ನೀರು ಸೀಳ್ಕೊಂಡು ಇಳಿಯತ್ತೆ, ಚೂರೂ ಹಿಗ್ಗಲ್ಲ. ದೋಣಿ ಓಡ್ತಿರುವಾಗಲೇ ಒಂದು ಸಲ ಜಗ್ಗಿದ್ರೆ ಕೊಂಡಿ ಬಿಡತ್ತೆ."

ಟೈಲರ್ ದಾರವನ್ನು ಬೆರಳ ನಡುವೆ ಉಜ್ಜಿದ. "ಎಂಟು ಎಳೆ."

"ಅಬ್ಬಾ! ಬೆರಳಲ್ಲೇ ಭೂತಗನ್ನಡಿ ಇದೆಯಾ?" ಎಂದು ನಕ್ಕಳು. ಅವನೂ ನಕ್ಕ. ಬಹಳ ದಿನಗಳ ಮೇಲೆ. ದಾರ ಹಿಗ್ಗದಿರುವುದರಿಂದ ಮೀನಿನ ಬಾಯಿ ಹರಿದೀತೆಂದು ಬಿಲ್ಲೆಯ ಹಿಂದೆ ಒಂದು ಗೇಣು ರಬ್ಬರು ಕಟ್ಟಿಕೊಳ್ಳಲೂ ಹೇಳಿದಳು.

ಮುಂದಿನ ಭಾನುವಾರ ಒಂದೇ ಜಗ್ಗಿಗೆ ಕೊಂಡಿ ಕಳಚಿತು. ಯಾರನ್ನೂ ಕರೆಯಬೇಕಾಗಲಿಲ್ಲ. ಹತ್ತು ಗಂಟೆಗೆ ಮೊಳಕೈಯುದ್ದದ ಮೀನು ಬಿತ್ತು. ದಡಕ್ಕೆ ಬಂದವನೇ ಭಾವನಿಗೆ ಫೋನು ಮಾಡಿದ. ಎತ್ತಿದ್ದು ಹೊಸ ಹೆಂಡತಿ.

"ಯಾರು ಮಾತಾಡೋದು?"

ಭಾಮೈದ ಎನ್ನುವುದು ನಾಲಿಗೆ ತುದಿವರೆಗೆ ಬಂತು. ಆಕೆಗೂ ತಮ್ಮಂದಿರಿದ್ದರು, ಈಗ ಭಾಮೈದಂದಿರು ಅವರೇ. "ಟೈಲರ್ ಅಂತ ಹೇಳಿ."

"ರೀ, ಯಾರೋ ಟೈಲರು. ಬಟ್ಟೆ ಹೊಲಿಯೋಕೆ ಕೊಟ್ಟಿದ್ರಾ?"

ಭಾವ ಬಂದ. ಮೀನಿನ ಉದ್ದ ಕೇಳಿದ, ದಾರ ಯಾವುದೆಂದು ಕೇಳಿದ. "ಹೆಣೆದದ್ದಾ? ನಮಗೆ ನೈಲಾನೇ ಸರಿಹೋಗ್ತಿತ್ತಲ್ಲೋ" ಎಂದ. ಅಷ್ಟರಲ್ಲಿ ಅದು ಒಬ್ಬನೇ ಹೋಗುವವನ ದಾರವೆಂದು ಅರ್ಥವಾಯಿತೇನೋ. ಆಮೇಲೆ "ಒಂದು ಸಲ ಬರ್ತೀನಿ ಕಣೋ" ಎಂದ.

ಬರಲಿಲ್ಲ. ಜಗಳವೇನೂ ಇಲ್ಲ, ಆಗಾಗ ಫೋನು ಇದೆ. ಟೈಲರ್ ಭಾನುವಾರ ತಪ್ಪಿಸುವುದಿಲ್ಲ. ಒಬ್ಬನೇ ಕೂತರೆ ದೋಣಿ ಒಂದು ಕಡೆ ವಾಲುತ್ತದೆಂದು, ಎದುರಿನ ಬದಿಗೆ ಎರಡು ಕ್ಯಾನು ನೀರು ತುಂಬಿಟ್ಟುಕೊಂಡು ಹೊರಡುತ್ತಾನೆ.