ಬಿಳಿ ಗುಲಾಬಿಯ ಪರದೆ

ಶುಭ್ರ ಸೌಂದರ್ಯದ ಸಾನ್ನಿಧ್ಯವಿಲ್ಲದೆ ಮನುಷ್ಯನ ಆತ್ಮಕ್ಕೆ ಉನ್ನತಿಯಿಲ್ಲವೆಂದು ಬಲ್ಲವರು ಹೇಳುತ್ತಾರೆ. ಬಲ್ಲವರ ಮನೆಗಳಲ್ಲಿ ರೇಷ್ಮೆಹುಳು ಸಾಕುತ್ತಿರಲಿಲ್ಲವೆಂದು ಕಾಣುತ್ತದೆ.

ಹೋದ ವರ್ಷ ಬಿಡದಿಯ ನರ್ಸರಿಯೊಂದರಲ್ಲಿ ಬಿಳಿ ಹೈಬ್ರಿಡ್ ಗುಲಾಬಿಯ ಮುಂದೆ ನಿಂತಿದ್ದೆ. ಅಂಗೈಯಗಲದ ಹೂ. ನರ್ಸರಿಯವನು ಒಂದು ಬಾಟಲಿಯನ್ನೂ ಮುಂದಿಟ್ಟು, "ಔಸ್ದಿ ಹೊಡೀದೆ ಇದು ದಕ್ಕಾಕಿಲ್ಲ ಸಾರ್" ಎಂದ. ವಿರೂಪಾಕ್ಷಿಪುರದ ಸೋದರಮಾವ ನೆನಪಾದರು.

ಮಾವ ಇಂಥದೇ ಗಿಡವನ್ನು ತಂದು ಹುಳುಮನೆಯ ಗೋಡೆಯ ಪಕ್ಕ ನೆಟ್ಟಿದ್ದರು. ಅತ್ತೆ ಅದನ್ನು ಮೊದಲ ದಿನವೇ ತಿರಸ್ಕರಿಸಿದ್ದರು. ಕಟ್ಟಲು ಬಾರದು, ಮುಡಿಯಲು ಭಾರ, ಮೂಸಿದರೆ ಏನೂ ಇಲ್ಲ. ಅಂಥ ಹೂವನ್ನು ದೇವರೂ ಸಂಕೋಚದಿಂದಲೇ ಸ್ವೀಕರಿಸಬೇಕು. ಮಾವನ ಕಷ್ಟವೇ ಬೇರೆ. ಪ್ರತಿ ಮೊಗ್ಗೂ ಬಿರಿಯುವ ಹೊತ್ತಿಗೆ ಗಟ್ಟಿ ಚಿಪ್ಪಿನ ಕಪ್ಪು ದುಂಬಿಗಳು ಬಂದು ದಳಗಳನ್ನು ಮೇಯುತ್ತಿದ್ದವು. ಎರಡು ವರ್ಷವಾದರೂ ಅವರು ಒಂದು ಇಡೀ ಹೂ ಕಂಡಿರಲಿಲ್ಲ. ಔಷಧಿ ಹೊಡೆಯೋಣವೆಂದರೆ ಅದರ ಗಾಳಿಗೇ ಒಳಗಿನ ರೇಷ್ಮೆಹುಳುಗಳು ಸಾಯುತ್ತವೆ.

"ಔಸ್ದಿ ಡಬ್ಬ ಮುಟ್ಟುದ್ರೆ ನಿಮ್ಮನ್ನೂ ಚಂದ್ರಿಕೆಗೆ ಬುಟ್ಬುಡ್ತೀನಿ. ಹುಳಿನ್ ಜೊತೆ ನೀವೂ ಗೂಡು ಕಟ್ಕಂಡ್ ಕೂತ್ಕಳಿ" ಎಂದಿದ್ದರು ಅತ್ತೆ.

ನಾನು ರಜೆಗೆ ಹೋಗಿದ್ದಾಗ ಹುಳುಗಳು ನಾಲ್ಕನೆಯ ಜ್ವರವೆದ್ದು, ಅಂದರೆ ಕೊನೆಯ ಪೊರೆ ಕಳಚಿ, ಮಳೆ ಸುರಿದಂಥ ಸದ್ದಿನಲ್ಲಿ ಸೊಪ್ಪು ತಿನ್ನುತ್ತಿದ್ದವು. ಊಜಿ ನೊಣ ಒಳಹೊಕ್ಕು ಅವುಗಳ ಮೈಮೇಲೆ ಮೊಟ್ಟೆಯಿಟ್ಟರೆ ಬೆಳೆಯ ಆಸೆ ಬಿಡಬೇಕು. ಅದಕ್ಕೇ ಕಿಟಕಿಗೆಲ್ಲ ಹಸಿರು ನೈಲಾನ್ ಪರದೆ. ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ಕಿಟಕಿಯ ಪರದೆಯಲ್ಲಿ ಚೌಕಾಕಾರದ ತೂತು.

"ಬೆಕ್ಕಿರಬೇಕು" ಎಂದು ಮಾವ ಗಂಭೀರವಾಗಿ ನುಡಿದರು.

ಅತ್ತೆ ಗುಲಾಬಿಯ ಕಡೆ ನೋಡಿದರು. ಮೊಗ್ಗು ಹಸಿರು ಪರದೆಯ ಮುಸುಕು ಹೊದ್ದು, ಹೊಸ ಮದುವಣಗಿತ್ತಿಯಂತೆ ತಲೆ ತಗ್ಗಿಸಿತ್ತು.

"ಓಹೋ! ಬೆಕ್ಕು ಒಸಿ ದರ್ಜಿ ಕೆಲ್ಸನೂ ಕಲ್ತೈತೆ. ಎಷ್ಟ್ ನೀಟಾಗಿ ಕತ್ರಿಸೈತೆ ನೋಡಪ್ಪ!"

"ನಾಳೀಕೆ ಅರಳ್ತದೆ ಕಣಮ್ಮಿ. ಒಂದೇ ದಿನ."

"ಹುಳಾನೂ ನಾಳೀಕೇ ಹಣ್ಣಾಗಿ ಗೂಡು ಕಟ್ಟಾದು."

ಅಷ್ಟಂದು ಅತ್ತೆ ಸೊಪ್ಪು ಹಾಕಲು ಹೋದರು. ಬೈದಿದ್ದರೆ ಮಾವ ವಾದಿಸುತ್ತಿದ್ದರು. ಈಗ ದಾರಿಯಿರಲಿಲ್ಲ. ತಾವೇ ಮುಸುಕು ಬಿಚ್ಚಿದರು, ತಾವೇ ಸೂಜಿ ಹಿಡಿದು ಕಿಟಕಿಗೆ ಹೊಲಿದರು. ಹೊಲಿಗೆಯ ಮೇಲೆ ತಮಗೇ ನಂಬಿಕೆಯಿಲ್ಲದೆ ದಿನವಿಡೀ ಟವೆಲ್ ಬೀಸುತ್ತ ಅಲ್ಲೇ ಕಾವಲು ನಿಂತರು. ಗುಲಾಬಿಗೆ ಬೆನ್ನು ಮಾಡಿಯೇ ನಿಂತಿದ್ದರು.

ಮರುದಿನ ಹೂ ಅರಳಿತು. ಒಂದು ಪಕ್ಕವನ್ನು ದುಂಬಿಗಳು ಮುಗಿಸಿದ್ದವು. ಹಣ್ಣಾದ ಹುಳುಗಳನ್ನು ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ನೆರೆಯ ಹೆಂಗಸರು ಬಂದಾಗ, ಅತ್ತೆಯ ತುರುಬಿನಲ್ಲಿ ಆ ಹೂವಿತ್ತು, ತಿಂದ ಪಕ್ಕ ಒಳಮುಖವಾಗಿ.

"ಏನಕ್ಕಾ, ಎಲೆಕೋಸು ಮುಡ್ಕಂಡಿದ್ದೀಯಾ?" ಎಂದಳೊಬ್ಬಳು.

"ಬೆಕ್ಕು ತಂದ್ಕೊಡ್ತು ಕಣೇ" ಎಂದರು ಅತ್ತೆ.

ಮಾವ ಆ ದಿನ ಕಾರಣವಿಲ್ಲದೆ ಅದೆಷ್ಟು ಸಲ ಹುಳುಮನೆಗೆ ಬಂದು ಹೋದರೋ! ಬಂದಾಗಲೆಲ್ಲ ಅತ್ತೆಯ ಬೆನ್ನ ಹಿಂದೆಯೇ ಅವರಿಗೇನೋ ಕೆಲಸವಿರುತ್ತಿತ್ತು.

ಬಿಡದಿಯವನ ಬಾಟಲಿಯನ್ನು ಅಲ್ಲೇ ಬಿಟ್ಟು ಗಿಡವನ್ನಷ್ಟೇ ತಂದೆ. ಮೊದಲ ಹೂವಿನ ಅರ್ಧವನ್ನು ದುಂಬಿ ತಿಂದಿತು. ಉಳಿದರ್ಧವನ್ನು ನನ್ನ ಹೆಂಡತಿ ಮುಡಿದಳು.